ಪ್ರವಾಸದ ಊಟವೂ ಅತಿಥಿಸಂವಿಭಾಗವೂ

ಮನೆಯಲ್ಲಿದ್ದಾಗ ಆಹಾರನಿಯಮವನ್ನು ಪಾಲಿಸುವುದು ಸುಲಭ. ಅಡುಗೆಮನೆ ತನ್ನದು, ಹೊತ್ತು ತನ್ನದು, ಬಡಿಸುವ ಕೈ ತನ್ನವರದು. ಊರು ಬಿಟ್ಟು ಹೊರಟ ಶ್ರಾವಕನಿಗೆ ಈ ಮೂರೂ ಇರುವುದಿಲ್ಲ. ಆದುದರಿಂದಲೇ ಸಮಾಜದ ಅನೇಕರು ಬುತ್ತಿ ಕಟ್ಟಿಕೊಂಡು ಹೊರಟು, ಬಸದಿಯಿಂದ ಬಸದಿಗೆ ಸಾಗಿ, ದಾರಿಯ ಊರುಗಳನ್ನು ಕಣ್ಣೆತ್ತಿಯೂ ನೋಡದೆ ಮನೆ ಸೇರುತ್ತಾರೆ. ವ್ರತವೇನೋ ಉಳಿಯುತ್ತದೆ, ಆದರೆ ಒಬ್ಬ ಹೊಸ ಮನುಷ್ಯನ ಪರಿಚಯವೂ ಆಗಿರುವುದಿಲ್ಲ. ಹಾಗಾದರೆ ವ್ರತವೆಂಬುದು ಮನುಷ್ಯರ ನಡುವಣ ಗೋಡೆಯೇ ಎಂದು ಇಂದಿನ ಯುವಕರು ಕೇಳುವುದುಂಟು. ಈ ಪ್ರಶ್ನೆಗೆ ವಾದಕ್ಕಿಂತ ಒಂದು ದಿನದ ಪ್ರವಾಸದ ವೃತ್ತಾಂತವೇ ಹೆಚ್ಚು ಸಮರ್ಪಕವಾದ ಉತ್ತರವಾದೀತು.

ದಾವಣಗೆರೆಯ ವ್ಯಾಪಾರಸ್ಥ ದಂಪತಿಗಳು ಒಂದು ಪುಷ್ಯಮಾಸದಲ್ಲಿ ಬಾಡಿಗೆ ಕಾರು ಮಾಡಿಕೊಂಡು ಯಾತ್ರೆ ಹೊರಟಿದ್ದರು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿಯ ದರ್ಶನವಾಯಿತು. ಹಿಂದಿರುಗುವ ದಿನ ಅವಸರದ ಕೆಲಸವೇನೂ ಇರಲಿಲ್ಲ. ಕಾರಿನ ಚಾಲಕ ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ರೈತರ ಮಗ. "ದಾರಿಯಲ್ಲೇ ನಮ್ಮೂರು. ನಮ್ಮವ್ವನ ಕೈಯಡುಗೆ ಉಂಡು ಹೋಗಬೇಕು" ಎಂದು ಆತ ಬೇಡಿಕೊಂಡ. ಯಜಮಾನರು ಹಿಂಜರಿದರು. "ನಮ್ಮ ಊಟದ ಕಟ್ಟುಪಾಡು ಹೆಚ್ಚು, ನಿಮ್ಮ ತಾಯಿಯವರಿಗೆ ತೊಂದರೆ" ಎಂದರು. ಅವರ ಪತ್ನಿ ಮಾತ್ರ, "ಪ್ರೀತಿಯಿಂದ ಕರೆದವರಿಗೆ ನಿಯಮವನ್ನು ತಿಳಿಸಿ ಹೇಳಿದರಾಯಿತು" ಎಂದರು. ಕಾರು ಊರಿನತ್ತ ತಿರುಗಿತು.

ಲಕ್ಷ್ಮೀನರಸಿಂಹಸ್ವಾಮಿಯ ದೇವಾಲಯದಿಂದ ಹೆಸರಾದ ಊರು ಅದು; ಸುತ್ತಿನ ಜನರ ಬಾಯಲ್ಲಿ ಎಚ್.ಡಿ. ಪುರ. ಮನೆಯ ವೃದ್ಧ ತಾಯಿ ನಿಯಮಗಳನ್ನೆಲ್ಲ ಕೇಳಿಸಿಕೊಂಡರು: ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಮೂಲಂಗಿ ಸಲ್ಲವು, ನೀರನ್ನು ಬಟ್ಟೆಯಲ್ಲಿ ಸೋಸಿರಬೇಕು, ಸೂರ್ಯಾಸ್ತದೊಳಗೆ ಊಟ ಮುಗಿಯಬೇಕು. ಆಕೆ ನಕ್ಕು, "ಇಷ್ಟೇ ತಾನೇ ತಾಯೀ? ಕಾರ್ತೀಕ ಸೋಮವಾರ ನಮ್ಮನೇಲೂ ಈರುಳ್ಳಿ ಮುಟ್ಟಲ್ಲ" ಎಂದರು. ಅವರೆಕಾಯಿಯ ಕಾಲವಾದ್ದರಿಂದ ಇಬ್ಬರು ಹೆಂಗಸರೂ ಜಗಲಿಯ ಮೇಲೆ ಕುಳಿತು ಕಾಯಿ ಸುಲಿಯತೊಡಗಿದರು. ಹುಳುವಿದ್ದ ಕಾಯಿಯನ್ನು ಅತಿಥಿಯು ಮೆಲ್ಲಗೆ ಬೇರೆಯಿಡುವುದನ್ನು ಕಂಡು, ಆ ತಾಯಿ ಅಂಥವನ್ನೆಲ್ಲ ಒಂದು ಮೊರದಲ್ಲಿ ಕೂಡಿಸಿ, ಹಿತ್ತಲ ಬೇಲಿಯ ನೆರಳಿಗೆ ಕಳುಹಿಸಿದರು. ಯಾರೂ ಉಪದೇಶ ಮಾಡಲಿಲ್ಲ, ಯಾರೂ ವಾದಿಸಲಿಲ್ಲ.

ಹಸಿಕೊಬ್ಬರಿ, ಕೊತ್ತಂಬರಿ, ಮೆಣಸು ಅರೆದು ಹಾಕಿದ ಅವರೆಕಾಳಿನ ಸಾರು, ರಾಗಿಮುದ್ದೆ, ಅನ್ನ, ಮಜ್ಜಿಗೆ ಸಿದ್ಧವಾದವು. ಎಲ್ಲರಿಗೂ ಒಂದೇ ಸಾಲಿನಲ್ಲಿ ಎಲೆ ಹಾಕಲಾಯಿತು. ಯಜಮಾನರ ಪಕ್ಕದ ಎಲೆ ಚಾಲಕನದು. ಆಗ ಅವರಿಗೆ ಹಿಂದಿನ ರಾತ್ರಿ ತಂಗಿದ್ದ ಯಾತ್ರಾಸ್ಥಳದ ನೆನಪಾಯಿತು. ಅಲ್ಲಿನ ಭೋಜನಶಾಲೆಯಲ್ಲಿ ದಂಪತಿಗಳಿಗೆ ಸಕಲ ಉಪಚಾರವೂ ದೊರೆತಿತ್ತು. ಚಾಲಕನಿಗೆ ಮಾತ್ರ "ಹೊರಗೆ ಹೋಟೆಲು ಇದೆ" ಎಂಬ ಉತ್ತರ ಸಿಕ್ಕಿತ್ತು. ಹಾಗೆ ಹೊರಗೆ ಕಳುಹಿಸಲ್ಪಟ್ಟವನೇ ಈಗ ತನ್ನ ಮನೆಯಲ್ಲಿ ಅವರ ಎಲೆಗೆ ಎರಡನೆಯ ಸಲ ಸಾರು ಬಡಿಸಿರೆಂದು ತಾಯಿಗೆ ಹೇಳುತ್ತಿದ್ದ.

ಊಟವಾದ ಮೇಲೆ ಹುರಿದ ಶೇಂಗಾ ಮತ್ತು ಬೆಲ್ಲ ಬಂದವು. ಚಾಲಕನ ತಂದೆ ಕುತೂಹಲದಿಂದ, "ಸ್ವಾಮೀ, ಗೆಡ್ಡೆ ಬ್ಯಾಡ ಅಂತೀರಿ. ಶೇಂಗಾನೂ ಮಣ್ಣಾಗೇ ಆಗ್ತೈತಲ್ಲ, ಅದು ಹೆಂಗೆ ನಡೀತೈತೆ?" ಎಂದು ಕೇಳಿದರು. ಗೆಡ್ಡೆಗಳು ಅನಂತಕಾಯವೆಂದೂ, ಒಂದೇ ಶರೀರದಲ್ಲಿ ಅನಂತ ಜೀವಗಳು ನೆಲೆಸಿರುವುದರಿಂದ ಅವು ವರ್ಜ್ಯವೆಂದೂ, ಶೇಂಗಾ ಗೆಡ್ಡೆಯಲ್ಲ, ಕಾಯಿಯೊಳಗಿನ ಬೀಜವೆಂದೂ ಯಜಮಾನರು ವಿವರಿಸಿದರು. ರೈತರು ತಲೆದೂಗಿ, "ದಿಟ. ಹೂವು ಮೇಲೇ ಬಿಡ್ತೈತೆ. ಆಮೇಲೆ ಹೂವಿನ ಬುಡದಿಂದ ಸೂಜಿ ಹಂಗೆ ಇಳಿದು ಮಣ್ಣು ಹೊಕ್ಕಂಡು ಕಾಯಿ ಆಗ್ತೈತೆ" ಎಂದರು. ಶಾಸ್ತ್ರದ ಮಾತಿಗೆ ಹೊಲದ ಸಾಕ್ಷಿ ದೊರೆಯಿತು. ಅಲ್ಲಿಂದ ಮಾತು ಮೆಕ್ಕೆಜೋಳಕ್ಕೆ ಹೊರಳಿತು. ಅದರ ಮೂಲ ದೂರದ ಮೆಕ್ಸಿಕೋ ದೇಶವೆಂದೂ, ಅಲ್ಲಿಯವರು ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬಿ ರೊಟ್ಟಿ ತಟ್ಟುತ್ತಾರೆಂದೂ ಕೇಳಿ ಆ ತಾಯಿಗೆ ಬಲು ಸೋಜಿಗವಾಯಿತು. ಮೆಣಸಿನಕಾಯಿಯೂ ಆ ಸೀಮೆಯಿಂದ ಬಂದದ್ದೇ. 16ನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವನ್ನು ರಚಿಸಿದಾಗ ಕನ್ನಡನಾಡಿನ ಅಡುಗೆಮನೆಗೆ ಅದಿನ್ನೂ ಬಂದಿರಲಿಲ್ಲ. ಪರದೇಶದ ಕಾಯಿಗೆ ಜಾಗ ಕೊಟ್ಟ ಅಡುಗೆಮನೆಯು ಪಕ್ಕದೂರಿನ ಮನುಷ್ಯನಿಗೆ ಜಾಗ ಕೊಡಲಾರದೆ?

ಸಂಜೆ ದೇವಾಲಯದ ಸುತ್ತ ಒಂದು ಸಲ ನಡೆದು ಬರುವಷ್ಟರಲ್ಲಿ ಆ ತಾಯಿ ಬಾಗಿಲಲ್ಲಿ ನಿಂತು, "ಹೊತ್ತು ಮುಳುಗೋದ್ರೊಳಗೆ ಬನ್ನಿ" ಎಂದು ಕರೆಯುತ್ತಿದ್ದರು. ಬೆಳಗ್ಗೆ ಕೇಳಿದ್ದ ಅನ್ಯರ ನಿಯಮವನ್ನು ಸಂಜೆಗೆ ತಾವೇ ಕಾಯುವವರಾಗಿದ್ದರು.

ಇಲ್ಲಿ ವಿಚಾರ ಮಾಡಬೇಕಾದ ಅಂಶವೊಂದಿದೆ. 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಶ್ರಾವಕನ ವ್ರತಗಳನ್ನು ಹೇಳುವಾಗ ಉಪಭೋಗ-ಪರಿಭೋಗ ಪರಿಮಾಣದ ಬೆನ್ನಿಗೇ ಅತಿಥಿಸಂವಿಭಾಗವನ್ನು ಇರಿಸಿದ್ದಾರೆ. ತನ್ನ ಭೋಗಕ್ಕೆ ಮಿತಿ ಹಾಕಿಕೊಳ್ಳುವುದು ಒಂದು, ಇರುವುದನ್ನು ಹಂಚಿಕೊಳ್ಳುವುದು ಇನ್ನೊಂದು. ಮೊದಲನೆಯದನ್ನು ಮಾತ್ರ ಬಿಗಿಯಾಗಿ ಹಿಡಿದು ಎರಡನೆಯದನ್ನು ಸಡಿಲಿಸಿದರೆ ಲೆಕ್ಕ ತಾಳೆಯಾಗುವುದಿಲ್ಲ. ಈ ವ್ರತದ ಅತಿಚಾರಗಳಲ್ಲಿ ಮಾತ್ಸರ್ಯ ಮತ್ತು ಕಾಲಾತಿಕ್ರಮಗಳೂ ಸೇರಿವೆ. ಆದರವಿಲ್ಲದೆ ಕೊಡುವುದೂ ದೋಷ, ಹೊತ್ತು ಮೀರಿಸಿ ಕೊಡುವುದೂ ದೋಷ. ಆ ಹಳ್ಳಿಯ ತಾಯಿ ಈ ಸೂತ್ರಗಳನ್ನು ಓದಿದವರಲ್ಲ. ಆದರೂ ಆ ದಿನ ಅವರಲ್ಲಿ ಈ ಎರಡು ದೋಷಗಳೂ ಇರಲಿಲ್ಲ.

ಶಾಸ್ತ್ರದಲ್ಲಿ ಅತಿಥಿಯೆಂದರೆ ಮುಖ್ಯವಾಗಿ ಮುನಿ, ಚಾಲಕ ಹೇಗೆ ಅತಿಥಿಯಾದಾನು ಎಂದು ಕೆಲವರು ಆಕ್ಷೇಪಿಸಬಹುದು. ಸತ್ಪಾತ್ರದಾನದ ಹಿರಿಮೆಯನ್ನು ಯಾರೂ ತಗ್ಗಿಸುತ್ತಿಲ್ಲ. ಆದರೆ ಕರುಣಾದಾನಕ್ಕೆ ಪಾತ್ರ-ಅಪಾತ್ರದ ವಿಚಾರಣೆಯಿಲ್ಲವೆಂಬುದೂ ಸಂಪ್ರದಾಯದ ಮಾತೇ. ಇಡೀ ದಿನ ಯಾತ್ರಿಕನ ಪ್ರಾಣವನ್ನು ಹೊಣೆಹೊತ್ತು ಕಾರು ನಡೆಸಿದವನಿಗೆ ಅನ್ನವಿಡುವುದು ಕರುಣೆಯೂ ಅಲ್ಲ, ಬರಿಯ ನ್ಯಾಯ.

ಬಸದಿಗಳ ಟ್ರಸ್ಟುಗಳು ಈ ದಿಸೆಯಲ್ಲಿ ಮಾಡಬಹುದಾದದ್ದಕ್ಕೆ ದೊಡ್ಡ ವೆಚ್ಚವಿಲ್ಲ. ಯಾತ್ರಿಕರ ಎಣಿಕೆಯಲ್ಲಿ ಚಾಲಕನನ್ನೂ ಸೇರಿಸಿ ಅಕ್ಕಿ ಅಳೆಯಬೇಕು. ಅವನ ಎಲೆಯೂ ಅದೇ ಸಾಲಿನಲ್ಲಿರಬೇಕು. ಸೂರ್ಯಾಸ್ತದ ನಿಯಮವೇಕೆಂದು ಕೇಳಿದವರಿಗೆ ಫಲಕ ತೋರಿಸದೆ, ಒಬ್ಬರು ಕುಳಿತು ಸಮಾಧಾನದಿಂದ ಹೇಳಬೇಕು. ಮನೆಗಳಲ್ಲಿಯೂ ಹಾಗೆಯೇ, ಯಾತ್ರೆಯಲ್ಲಿ ಯಾರ ಮನೆಯ ಅನ್ನ ಉಂಡೆವೋ ಅವರನ್ನು ಒಂದು ದಿನ ತಮ್ಮ ಮನೆಗೆ ಕರೆಯಬೇಕು.

ನಿಯಮವನ್ನು ನಾಚದೆ ಹೇಳುವ ಧೈರ್ಯವೂ, ಅದನ್ನು ಹಿರಿಮೆಯಾಗಿ ಮೆರೆಸದ ವಿನಯವೂ ಇದ್ದಲ್ಲಿ ವ್ರತವು ಗೋಡೆಯಾಗುವುದಿಲ್ಲ. ಗೋಡೆಯನ್ನು ಕಟ್ಟುವುದು ಬೇರೆ ಪಂಕ್ತಿ.