ಘನಗಳಲ್ಲಿ ಯಾವ ಅಂಕಿ ಎಷ್ಟು ಸಲ?

ರಾಯದುರ್ಗ, ಮಡಕಶಿರಗಳ ನಮ್ಮ ಮನೆಗಳಲ್ಲಿ ಮಾತು ಕನ್ನಡವಾದರೂ ಲೆಕ್ಕವು ಬೇರೆ ಭಾಷೆಗೆ ಜಾರುತ್ತಲಿದೆ. ಮಕ್ಕಳು ಅಂಗಡಿಯ ಚಿಲ್ಲರೆಯನ್ನು ತೆಲುಗಿನಲ್ಲಿ ಎಣಿಸುತ್ತಾರೆ, ಶಾಲೆಯ ಗುಣಾಕಾರವನ್ನು ಇಂಗ್ಲಿಷಿನಲ್ಲಿ ಮಾಡುತ್ತಾರೆ. 'ಮುನ್ನೂರ ನಲವತ್ತಮೂರು' ಬರೆಯಿರೆಂದರೆ ತಡವರಿಸುತ್ತಾರೆ. ಮಗ್ಗಿ ಮರೆತ ಭಾಷೆ ಅಡುಗೆಮನೆಯಲ್ಲಷ್ಟೇ ಉಳಿದೀತೆಂಬ ಅಳುಕು ನಮಗುಂಟು. ಆದಕಾರಣ ಸಂಜೆಯ ಹೊತ್ತು ಘನಸಂಖ್ಯೆಗಳನ್ನು ಕನ್ನಡದಲ್ಲಿಯೇ ಓದಿಸಿ, ಯಾವ ಅಂಕಿ ಎಷ್ಟು ಸಲ ಬಂದಿತೆಂದು ಎಣಿಸುವ ಆಟವೊಂದನ್ನು ಹೂಡಿದ್ದೇವೆ.

ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ಬಂದುದನ್ನು ಮತ್ತೊಮ್ಮೆ ಅದರಿಂದಲೇ ಗುಣಿಸಿದರೆ ಘನ. 1ರಿಂದ 20ರ ವರೆಗಿನ ಘನಗಳನ್ನು ಬರೆದರೆ ಒಟ್ಟು 65 ಅಂಕಿಗಳಾಗುತ್ತವೆ. ಸಮಪಾಲಾದರೆ ಒಂದೊಂದಕ್ಕೂ ಆರೂವರೆ ಬರಬೇಕಷ್ಟೆ. ಆದರೆ 1 ಹತ್ತು ಸಲ, 2 ಒಂಬತ್ತು ಸಲ, 3 ಎಂಟು ಸಲ ಬರುತ್ತವೆ. ಬಡಪಾಯಿ 6 ನಾಲ್ಕೇ ಸಲ. ಸಂಖ್ಯೆಯ ಮೊದಲ ಅಂಕಿಯನ್ನಷ್ಟೇ ನೋಡಿದರೆ ಪಕ್ಷಪಾತ ಇನ್ನೂ ಹೆಚ್ಚು: 1 ಐದು ಕಡೆ ಮುಂದೆ ನಿಂತಿದೆ, 9 ಒಂದು ಕಡೆಯೂ ಇಲ್ಲ. ಅದು 21ರ ಘನವಾದ 9261ರ ವರೆಗೆ ಕಾಯಬೇಕು.

ಬಿಡಿ ಸ್ಥಾನದಲ್ಲಿ ಮಾತ್ರ ನ್ಯಾಯ ಅಚ್ಚುಕಟ್ಟು! 0ಯಿಂದ 9ರ ವರೆಗೆ ಪ್ರತಿಯೊಂದು ಅಂಕಿಯೂ ಸರಿಯಾಗಿ ಎರಡೆರಡು ಸಲ ಬರುತ್ತದೆ. ಕಾರಣವಿಷ್ಟೆ: ಘನದ ಬಿಡಿ ಅಂಕಿಯನ್ನು ನಿರ್ಣಯಿಸುವುದು ಮೂಲಸಂಖ್ಯೆಯ ಬಿಡಿ ಅಂಕಿಯೊಂದೇ. 0, 1, 4, 5, 6, 9 ಹಾಗೆಯೇ ಉಳಿಯುತ್ತವೆ. 2 ಮತ್ತು 8, 3 ಮತ್ತು 7 ತಮ್ಮತಮ್ಮಲ್ಲಿ ಸ್ಥಳ ಬದಲಿಸಿಕೊಳ್ಳುತ್ತವೆ. ವರ್ಗಗಳಿಗೆ ಈ ಗುಣವಿಲ್ಲ; ಯಾವ ವರ್ಗವೂ 2, 3, 7, 8ರಲ್ಲಿ ಮುಗಿಯದು.

ಇದರಿಂದ ಘನಮೂಲವನ್ನು ಬಾಯಿಲೆಕ್ಕದಲ್ಲಿ ಹೇಳಬಹುದು. 39304 ಒಂದು ಘನವೆಂದು ತಿಳಿದಿದೆಯೆನ್ನಿ. ಕೊನೆಯಲ್ಲಿ 4 ಇದೆ, ಆದ್ದರಿಂದ ಮೂಲದ ಬಿಡಿ ಅಂಕಿಯೂ 4. ಕೊನೆಯ ಮೂರು ಅಂಕಿಗಳನ್ನು ಬಿಟ್ಟರೆ ಉಳಿಯುವ 39, 3ರ ಘನ 27ಕ್ಕಿಂತ ದೊಡ್ಡದು, 4ರ ಘನ 64ಕ್ಕಿಂತ ಚಿಕ್ಕದು. ಉತ್ತರ 34. ಎರಡಂಕಿಯ ಮೂಲಗಳಿಗೆ ಇಷ್ಟು ಸಾಕು. ಬೆಂಗಳೂರಿನಲ್ಲಿ ಜನಿಸಿದ ಶಕುಂತಲಾದೇವಿಯವರು 1977ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು ಮನಸ್ಸಿನಲ್ಲಿಯೇ ಕಂಡುಹಿಡಿದರು. ಆ ಎತ್ತರ ನಮ್ಮ ಜಗುಲಿಗೆ ಎಟುಕದು.

ಘನ, ಘನಮೂಲಗಳು ನಮಗೆ ಹೊಸ ಮಾತುಗಳಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಇವೆರಡನ್ನೂ ಮೂಲ ಗಣಿತಕ್ರಿಯೆಗಳೊಡನೆ ಎಣಿಸಿದ್ದಾನೆ. ಆ ಸಂಸ್ಕೃತ ಗ್ರಂಥವನ್ನು ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿಯೇ 'ವ್ಯವಹಾರಗಣಿತ' ಬರೆದನು. ರಾಯದುರ್ಗವು 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು; ಮಡಕಶಿರವು 2022ರಲ್ಲಿ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಯ ಪಾಲಾಯಿತು. ಮಕ್ಕಳಿಗೆ ತೆಲುಗು ಬೇಕು, ಇಂಗ್ಲಿಷೂ ಬೇಕು, ನಮ್ಮ ತಕರಾರಿಲ್ಲ. ಇವುಗಳ ಜೊತೆಗೆ 'ಸಾವಿರದ ಏಳುನೂರ ಇಪ್ಪತ್ತೆಂಟು' ಎಂಬುದೂ ನಾಲಿಗೆಯ ಮೇಲಿರಲಿ ಎಂಬುದಷ್ಟೇ ನಮ್ಮ ಆಸೆ.

ಈ ವಾರ 21ರಿಂದ 30ರ ವರೆಗಿನ ಘನಗಳು ನಡೆದಿವೆ. ಅವುಗಳಲ್ಲಿ 7 ಎಷ್ಟು ಸಲ ಬರುತ್ತದೆಂದು ವಾಚಕರು ತಮ್ಮ ಮನೆಯ ಮಕ್ಕಳನ್ನು ಕೇಳಿನೋಡಬಹುದು. ಓದುವುದು ಮಾತ್ರ ಕನ್ನಡದಲ್ಲಿ.