ಗಾಳಿ ನೋಡಿ ಪರದೆ

ಪರದೆ ಬಟ್ಟೆಯ ಥಾನು ಬಿಚ್ಚುವ ಸದ್ದು ನನಗೆ ಬಹಳ ಇಷ್ಟ. ಅಂಗಡಿಯ ಹುಡುಗ ಥಾನನ್ನು ಮೇಜಿನ ಮೇಲೆ ದಬದಬ ಉರುಳಿಸಿ, ತುದಿ ಹಿಡಿದು ಒಮ್ಮೆ ಜಾಡಿಸಿದರೆ ಸಾಕು, ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬರುತ್ತದೆ. ಆಮೇಲೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಬಟ್ಟೆಯನ್ನು ಬಾಗಿಲ ಬಳಿ ಒಯ್ದು ಬೆಳಕಿಗೆ ಹಿಡಿಯುತ್ತೇನೆ. ಒಂದು ಮೂಲೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟು ಸುಕ್ಕು ಎಷ್ಟು ನಿಂತಿತೆಂದು ನೋಡುತ್ತೇನೆ. ಎರಡು ಮೀಟರಿನಷ್ಟನ್ನು ಎತ್ತರದಿಂದ ಇಳಿಬಿಡಲು ಹೇಳಿ, ಅದು ನೆಟ್ಟಗೆ ಬೀಳುತ್ತದೋ ಉಬ್ಬಿ ನಿಲ್ಲುತ್ತದೋ ಗಮನಿಸುತ್ತೇನೆ. ಸೀರೆ ಆರಿಸುವಾಗಲೂ ನಾನು ಇಷ್ಟು ಹೊತ್ತು ತೆಗೆದುಕೊಳ್ಳುವುದಿಲ್ಲ. ಪಟ್ಟೆ ಸೀರೆಯನ್ನು ಉಡುವುದು ಮದುವೆ, ಮನೆ ಒಕ್ಲು ಅಂತ ವರ್ಷಕ್ಕೆ ಕೆಲವು ದಿನ. ಪರದೆ ಹಾಗಲ್ಲ, ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಮೊದಲು ಕಾಣುವುದೇ ಅದು. ಮನೆಯೊಳಗೆ ಬರುವ ಬೆಳಕಿಗೆಲ್ಲ ಬಣ್ಣ ಕೊಡುವುದೂ ಅದೇ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಮನೆ ಕಟ್ಟಿದವರು ಪರದೆ ಆರಿಸುವಾಗ ಗೋಡೆಯ ಬಣ್ಣಕ್ಕಿಂತ ಮೊದಲು ಹವೆಯನ್ನು ನೆನೆಯಬೇಕು. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟ, ನಡುವಿನ ಈ ಪಟ್ಟಿಯ ಮೇಲೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಹೋಗುತ್ತದೆ. ಬೆಂಗಳೂರಿನಲ್ಲಿ ವರ್ಷವಿಡೀ ಸುರಿಯುವುದು ಇದರ ಕಾಲು ಭಾಗ. ಅಲ್ಲಿಯ ಒಣ ಹವೆಯ ಫ್ಲಾಟಿನಲ್ಲಿ ಚೆಂದ ಕಂಡ ದಪ್ಪ ವೆಲ್ವೆಟ್ ಪರದೆ ನಮ್ಮ ಆಸಾಡಿಯ ಮಳೆಗೆ ಸಿಕ್ಕಿದರೆ ಹದಿನೈದು ದಿನದಲ್ಲಿ ಮುಗ್ಗಲು ಹಿಡಿದು, ಮಡಿಕೆಗಳ ಸಂದಿಯಲ್ಲಿ ಬೂಷ್ಟಿನ ಕಪ್ಪು ಚುಕ್ಕೆ ಮೂಡಿಸಿಕೊಳ್ಳುತ್ತದೆ.

ಯಾವ ನೂಲು ಎಷ್ಟು ತೇವ ಹಿಡಿಯುತ್ತದೆ ಎಂಬುದಕ್ಕೆ ಜವಳಿಯವರ ಬಳಿ ಲೆಕ್ಕವೇ ಇದೆ. ಗಾಳಿಯ ತೇವಾಂಶ ಶೇ. 65 ಇರುವಾಗ ನೂರು ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ನೀರನ್ನು ಗಾಳಿಯಿಂದಲೇ ಹೀರಿ ಇಟ್ಟುಕೊಳ್ಳುತ್ತದೆ. ಲಿನನ್ ಸುಮಾರು 12 ಗ್ರಾಂ ಹೀರುತ್ತದೆ, ಸೆಣಬು 13 ಗ್ರಾಮಿಗೂ ಮಿಕ್ಕಿ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರುವುದಿಲ್ಲ. ನಮ್ಮ ಜುಲೈ ತಿಂಗಳ ಗಾಳಿಯಲ್ಲಂತೂ ತೇವ ಆ ಶೇ. 65ಕ್ಕಿಂತ ಎಷ್ಟೋ ಹೆಚ್ಚು. ಹೀಗಾಗಿ ಚಿತ್ರದಲ್ಲಿ ಮನಸೆಳೆಯುವ ಸೆಣಬಿನ ಪರದೆಯನ್ನು ನಾನು ನಮ್ಮ ಕಡೆಯವರಿಗೆ ಹೇಳುವುದೇ ಇಲ್ಲ. ಪಾಲಿಯೆಸ್ಟರ್ ಬೇಗ ಒಣಗುತ್ತದೆ ನಿಜ, ಆದರೆ ಮಾರ್ಚ್, ಏಪ್ರಿಲ್‌ನ ಸೆಕೆಯಲ್ಲಿ ಒತ್ತಾಗಿ ನೆಯ್ದ ಪಾಲಿಯೆಸ್ಟರ್ ಪರದೆ ಕಿಟಕಿಗೆ ಮುಚ್ಚಳ ಹಾಕಿದಂತೆ. ನನ್ನ ಮನಸ್ಸು ಕೊನೆಗೆ ನಿಲ್ಲುವುದು ತೆಳು ಹತ್ತಿಯ ಮೇಲೆ. ಅದು ತೇವ ಹಿಡಿಯುತ್ತದೆ, ಆದರೆ ಒಂದು ಗಂಟೆ ಬಿಸಿಲು ಬಂದರೂ ಬಿಟ್ಟುಕೊಡುತ್ತದೆ, ಗಾಳಿಯನ್ನೂ ಒಳಗೆ ಬಿಡುತ್ತದೆ.

ಬಟ್ಟೆ ಯಾವುದೆಂದು ಅಂಗಡಿಗೆ ಹೋಗುವ ಮೊದಲೇ ಕಿಟಕಿ ಹೇಳುತ್ತದೆ. ಬೈಂದೂರು ದಾರಿಯ ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಆ ಆಸುಪಾಸಿನಲ್ಲಿ ನನ್ನ ತಂಗಿಯ ಮನೆ. ಅಲ್ಲಿ ಹಗಲೆಲ್ಲ ಕಡಲ ಗಾಳಿ, ಗಾಳಿಯ ಜೊತೆ ಉಪ್ಪು. ಕಿಟಕಿಯ ಪರದೆಯನ್ನು ಬೆರಳಲ್ಲಿ ತಿಕ್ಕಿದರೆ ಅಂಟು ಅಂಟು. ಉಪ್ಪು ತೇವವನ್ನು ಎಳೆಯುವ ವಸ್ತು, ಬಟ್ಟೆಯ ಮೇಲೆ ಅದು ಕುಳಿತರೆ ಒಣಗಿದ ಪರದೆಯೂ ಮತ್ತೆ ಹಸಿಯಾಗುತ್ತದೆ. ಅಲ್ಲಿ ಬೇಕಾದದ್ದು ಎರಡು ವಾರಕ್ಕೊಮ್ಮೆ ಕಳಚಿ, ಸಿಹಿನೀರಲ್ಲಿ ಜಾಲಿಸಿ, ಸಂಜೆಯೊಳಗೆ ಮತ್ತೆ ಏರಿಸಬಹುದಾದ ಹಗುರ ಬಟ್ಟೆ. ಅವಳ ಮನೆಗೆ ನಾವು ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ತೆಳು ಬಟ್ಟೆ ಆರಿಸಿದೆವು. ಕಡಲಿನದೇ ಬೂದು ನೀಲಿ, ನಡುವೆ ಸಣ್ಣ ಬಿಳಿ ಗೀಟು. ಕೋಲಿನ ವಿಷಯದಲ್ಲಿ ನಾನು ಹಟ ಹಿಡಿದೆ. ಮೇಲೆ ಬಣ್ಣ ಬಳಿದ ಕಬ್ಬಿಣದ ಕೋಲು ಅಲ್ಲಿ ಬಾಳುವುದಿಲ್ಲ, ಒಳ್ಳೆಯ ದರ್ಜೆಯ ಸ್ಟೀಲೋ ಮರದ್ದೋ ಆಗಬೇಕು. ಕಬ್ಬಿಣದ ತುಕ್ಕು ಒಮ್ಮೆ ಬಟ್ಟೆಗೆ ಇಳಿದರೆ ಯಾವ ಸೋಪಿಗೂ ಹೋಗುವುದಿಲ್ಲ.

ಬಾರ್ಕೂರಿನ ದೊಡ್ಡಮ್ಮನ ಮನೆಯ ಕತೆಯೇ ಬೇರೆ. ಹಂಚಿನ ಮಾಡು, ಕೆಂಪು ಕಾವಿಯ ನೆಲ, ಮರದ ದಳಿಗಳ ಕಿಟಕಿ. ಕಿಟಕಿ ಗಿಡ್ಡ, ಗೋಡೆ ದಪ್ಪ, ಒಳಗೆ ಮೊದಲೇ ನಸುಗತ್ತಲು. ಅಲ್ಲಿ ನೆಲ ಮುಟ್ಟುವ ಉದ್ದನೆಯ ಪರದೆ ಹಾಕಿದರೆ ಚಾವಡಿಯ ಬೆಳಕನ್ನೇ ನುಂಗಿಬಿಡುತ್ತದೆ. ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಗಾಳಿ ಬಪ್ಪುಕೂ ಆಯ್ಕ್, ಹೊರ್ಗಿನರಿಗೆ ಒಳ್ಗ್ ಕಾಂಬುಕೂ ಆಗ." ಅದಕ್ಕೆ ಹಳಬರೇ ಕಂಡುಕೊಂಡ ಉತ್ತರವಿದೆ, ಅರ್ಧ ಪರದೆ. ಕಿಟಕಿಯ ನಡುಮಟ್ಟಕ್ಕೆ ಸ್ಪ್ರಿಂಗ್ ತಂತಿ ಎಳೆದು, ಕೆಳಗಿನ ಅರ್ಧಕ್ಕೆ ಮಾತ್ರ ಬಿಳಿ ಮಲ್ಲು ಬಟ್ಟೆ. ಅಂಗಳದಲ್ಲಿ ನಡೆಯುವವರ ಕಣ್ಣು ಕೆಳಗಿನ ಅರ್ಧದಲ್ಲೇ ನಿಲ್ಲುತ್ತದೆ, ಮೇಲಿನ ಅರ್ಧದಿಂದ ತೆಂಗಿನ ಗರಿ, ಆಕಾಶ, ಗಾಳಿ ಎಲ್ಲ ಒಳಗೆ ಬರುತ್ತವೆ. ಖರ್ಚು ಕಡಿಮೆ, ಒಗೆಯುವುದು ಸುಲಭ. ಅರ್ಧ ಪರದೆಯನ್ನು ಹಳೇ ಕಾಲದ್ದೆಂದು ಬಿಟ್ಟವರು ಮತ್ತೊಮ್ಮೆ ಯೋಚಿಸಬೇಕು ಎಂದೇ ನನ್ನ ಅಭಿಪ್ರಾಯ.

ಅರ್ಧ ಪರದೆಯ ಸೊಗಸು ನಮ್ಮವರಿಗೆ ಹೊಸದೂ ಅಲ್ಲ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಯಕ್ಷಗಾನ ಆಟ ನೋಡಿ ಬೆಳೆದವರು ನಾವು. ಬಣ್ಣದ ವೇಷ ರಂಗಕ್ಕೆ ಬರುವಾಗ ಇಬ್ಬರು ಬಟ್ಟೆಯ ತೆರೆಯೊಂದನ್ನು ಅಡ್ಡ ಹಿಡಿದು ನಿಲ್ಲುತ್ತಾರೆ. ಚೆಂಡೆ ಏರುತ್ತದೆ. ತೆರೆಯ ಮೇಲಂಚಿನಲ್ಲಿ ಮೊದಲು ಕಿರೀಟದ ತುದಿ ಅಲ್ಲಾಡುತ್ತದೆ, ಕೆಳಗೆ ಗೆಜ್ಜೆ ಕಟ್ಟಿದ ಕಾಲು ಮಾತ್ರ. ಮುಖ ಕಾಣಿಸುವ ಹೊತ್ತಿಗೆ ಮಕ್ಕಳು ಅಮ್ಮನ ಸೆರಗು ಹಿಡಿದಿರುತ್ತಾರೆ. ಇಡೀ ಮುಚ್ಚದೆ, ಇಡೀ ತೋರದೆ ಇರುವ ಬಟ್ಟೆಗೆ ಎಷ್ಟು ಶಕ್ತಿ ಇದೆ ಎಂಬುದನ್ನು ನಾನು ಅಲ್ಲೇ ಕಂಡದ್ದು. ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದಲ್ಲಿ ಸೂತ್ರ ಹಿಡಿದವರನ್ನು ಮರೆಸಿ ಗೊಂಬೆಗೆ ಜೀವ ಬರಿಸುವುದೂ ಒಂದು ಪರದೆಯೇ. ಮರೆಸಬೇಕಾದ್ದನ್ನು ಅಳತೆಯಾಗಿ ಮರೆಸಿದರೆ ಉಳಿದದ್ದು ಎದ್ದು ಕಾಣುತ್ತದೆ. ಬೀದಿಯ ಕಡೆಯ ಕಿಟಕಿಗೆ ಪರದೆ ಆರಿಸುವಾಗ ನನ್ನ ಮನಸ್ಸಿನಲ್ಲಿ ಇರುವುದು ಈ ಲೆಕ್ಕ.

ಬಟ್ಟೆ ಎಲ್ಲಿಯದು ಎಂದು ಕೇಳುವುದೂ ನನಗೊಂದು ಖುಷಿ. ಈ ಕರಾವಳಿಯ ಹವೆಯನ್ನು ಚೆನ್ನಾಗಿ ಬಲ್ಲ ಬಟ್ಟೆಯನ್ನು ಈ ಕರಾವಳಿಯಲ್ಲೇ ನೇಯುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲೂ ಕಣ್ಣೂರಿನಲ್ಲೂ ಮಗ್ಗದ ಕಾರ್ಖಾನೆ ನಡೆಸಿದರು. ಮಂಗಳೂರಿನಲ್ಲಿ ಜನ ಅವರ ಹಂಚನ್ನು ಹೆಚ್ಚು ನೆನಪಿಟ್ಟುಕೊಂಡರು, ಕಣ್ಣೂರಿನಲ್ಲಿ ಮಗ್ಗ ಉಳಿದು ಬೆಳೆಯಿತು. ಪರದೆ, ಹಾಸು, ಮೇಜಿನ ಬಟ್ಟೆಗಳಿಗೆ ಆ ಊರು ಹೆಸರಾಗಿ, ಕಣ್ಣೂರಿನ ಮನೆಬಳಕೆಯ ಬಟ್ಟೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಕೈಮಗ್ಗದ ಆ ಹತ್ತಿ ಕೈಗೆ ಸ್ವಲ್ಪ ಒರಟು. ಎಳೆ ದಪ್ಪ, ನಡುವೆ ಗಾಳಿಯಾಡಲು ಜಾಗ, ತೊಳೆದಷ್ಟೂ ಮೆತ್ತಗಾಗುವ ಗುಣ. ನಮ್ಮ ಉಡುಪಿ ಸೀರೆಯೂ ಭೌಗೋಳಿಕ ಗುರುತು ಪಡೆದ ಹತ್ತಿಯೇ. ನಾನು ಹಳೆಯ ಉಡುಪಿ ಸೀರೆಯೊಂದನ್ನು ಅಡುಗೆಮನೆಯ ಕಿಟಕಿಗೆ ಪರದೆ ಮಾಡಿದ್ದೇನೆ. ಸೀರೆಯ ಅಂಚನ್ನು ಹಾಗೇ ಪರದೆಯ ಅಂಚಾಗಿ ಉಳಿಸಿಕೊಂಡದ್ದರಿಂದ ಅಲ್ಲಿ ಮಡಿಚಿ ಹೊಲಿಯುವ ಕೆಲಸವೇ ಬರಲಿಲ್ಲ. ಬೆಳಗ್ಗಿನ ಬಿಸಿಲು ಅದರ ಚೌಕಳಿಯನ್ನು ಒಲೆಯ ಪಕ್ಕದ ಗೋಡೆಯ ಮೇಲೆ ಮೂಡಿಸುತ್ತದೆ.

ಬಟ್ಟೆ ಸಿಕ್ಕಿದ ಮೇಲೆ ಅಳತೆ. ಇಲ್ಲಿ ಜಿಪುಣತನ ಕೂಡದು. ನಾಲ್ಕು ಅಡಿ ಅಗಲದ ಕಿಟಕಿಗೆ ಎರಡೂ ಮಗ್ಗುಲಿಗೆ ಆರಾರು ಇಂಚು ಬಿಟ್ಟು ಐದು ಅಡಿ ಕೋಲು ಹಾಕಬೇಕು. ಆಗ ಪರದೆ ಸರಿಸಿದಾಗ ಅದು ಗೋಡೆಯ ಮೇಲೆ ಹೋಗಿ ನಿಂತು, ಕಿಟಕಿ ಪೂರ್ತಿ ತೆರೆದುಕೊಳ್ಳುತ್ತದೆ. ಬಟ್ಟೆಯ ಅಗಲ ಕೋಲಿನ ಉದ್ದದ ಎರಡು ಪಟ್ಟು ಇರಬೇಕು. 48 ಇಂಚು ಪನ್ನದ ಬಟ್ಟೆಯಲ್ಲಿ ಎರಡೇ ತುಂಡು ಹಾಕಿದರೆ ನೆರಿಗೆ ಸೊರಗುತ್ತದೆ. ಒಂದೊಂದು ಮಗ್ಗುಲಿಗೆ ಒಂದೂವರೆಯಂತೆ ಮೂರು ತುಂಡು ಬೇಕು. ನಾಲ್ಕೂವರೆ ಅಡಿ ಇಳಿಯುವ ಪರದೆಗೆ ಮೇಲೆ ನಾಲ್ಕು ಇಂಚು, ಕೆಳಗೆ ನಾಲ್ಕು ಇಂಚು ಮಡಿಕೆ, ಹತ್ತಿ ಕುಗ್ಗುವುದಕ್ಕೆ ಮೂರು ಇಂಚು ಸೇರಿಸಿದರೆ ಒಂದು ತುಂಡಿಗೆ 65 ಇಂಚು, ಒಟ್ಟು ಐದು ಮೀಟರ್. ನಮ್ಮ ಟೈಲರ್ ತಮ್ಮ ಕುಂದಾಪ್ರ ಕನ್ನಡದಲ್ಲಿ ಇದನ್ನು ಒಂದೇ ಸಾಲಲ್ಲಿ ಹೇಳುತ್ತಾರೆ: "ಅಕ್ಕಾ, ಬಟ್ಟಿ ಕಡಿಮಿ ಆರೆ ನೆರಿ ಬೀಳ್ತಿಲ್ಲ, ನೆರಿ ಬೀಳ್ದಿರೆ ಚಂದ ಕಾಂತಿಲ್ಲ." ಕಡಿಮೆ ಬೆಲೆಯ ಬಟ್ಟೆ ಧಾರಾಳವಾಗಿ ಹಾಕಿದ ಪರದೆ, ದುಬಾರಿ ಬಟ್ಟೆಯನ್ನು ಎಳೆದು ಬಿಗಿದ ಪರದೆಗಿಂತ ಯಾವತ್ತೂ ಮೇಲು.

ಹೊಲಿಗೆಯಲ್ಲೂ ರುಚಿಯ ವಿಷಯಗಳು ಬಹಳ. ಐಲೆಟ್ ಅಂದರೆ ಲೋಹದ ಬಳೆ ಕೂರಿಸಿದ ಪರದೆ. ಬಳೆಗಳ ಸಂಖ್ಯೆ ಸಮ ಇರಬೇಕು, ಆಗಲೇ ಎರಡೂ ತುದಿಗಳು ಗೋಡೆಯ ಕಡೆಗೆ ತಿರುಗಿ ಅಂಚು ಒಪ್ಪವಾಗಿ ನಿಲ್ಲುತ್ತದೆ. ಬೆಸ ಸಂಖ್ಯೆ ಬಂದರೆ ಒಂದು ತುದಿ ಕೋಣೆಯೊಳಗೆ ಚಾಚಿಕೊಂಡಿರುತ್ತದೆ. ಅಮೆರಿಕನ್ ಪ್ಲೀಟ್ ಎಂದು ಟೈಲರುಗಳು ಕರೆಯುವ, ಮೂರು ಮಡಿಕೆ ಸೇರಿಸಿ ಹೊಲಿದ ನೆರಿಗೆ ಚಾವಡಿಗೆ ಗತ್ತು ಕೊಡುತ್ತದೆ. ಆದರೆ ಅದರ ತಲೆಗೆ ಇಡುವ ಬಕ್ರಂ ಮಳೆಗಾಲದಲ್ಲಿ ತೇವ ಕುಡಿದು ಮೆತ್ತಗಾಗುವುದುಂಟು, ಒಗೆಯುವುದೂ ಕಷ್ಟ. ಮಲಗುವ ಕೋಣೆಗೆ ನಾನು ಆರಿಸುವುದು ಅತಿ ಸರಳವಾದ ಹೊಲಿಗೆ: ಮೇಲಂಚನ್ನು ಮಡಿಚಿ ಕೊಳವೆ ಮಾಡಿ ಕೋಲನ್ನು ಅದರೊಳಗೆ ತೂರಿಸುವುದು. ಬಳೆಯಿಲ್ಲ, ಕೊಕ್ಕೆಯಿಲ್ಲ, ತುಕ್ಕಿನ ಹೆದರಿಕೆಯಿಲ್ಲ. ಬಾಗಿಲ ಪರದೆಯ ಕೆಳಗಂಚು ನೆಲದಿಂದ ಒಂದು ಇಂಚು ಮೇಲಿರಲಿ. ಇಲ್ಲದಿದ್ದರೆ ನೆಲ ಒರೆಸಿದ ನೀರನ್ನು ಬಟ್ಟೆ ದೀಪದ ಬತ್ತಿಯ ಹಾಗೆ ಮೇಲಕ್ಕೆಳೆದು, ಕೆಂಪು ಕಾವಿಯ ಗೆರೆ ಮೂಡಿಸಿಕೊಳ್ಳುತ್ತದೆ.

ಬಣ್ಣದ ಮಾತು ಕೊನೆಗೆ ಹೇಳುತ್ತಿದ್ದೇನೆ, ಬಣ್ಣವನ್ನು ನಾನು ಆರಿಸುವುದೂ ಕೊನೆಗೇ. ಹೆದ್ದಾರಿ ಬದಿಯ ಮನೆಗೆ ಅಚ್ಚ ಬಿಳಿ ಬೇಡ, ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು ಅದನ್ನು ಬಿಡುವುದಿಲ್ಲ. ಪಡುವಣ ಕಿಟಕಿಗೆ ಗಾಢ ನೀಲಿ, ಗಾಢ ಕೆಂಪು ಬೇಡ, ಇಳಿಹೊತ್ತಿನ ಬಿಸಿಲಿಗೆ ಮಡಿಕೆಯ ಹೊರಮೈ ಬೆಳ್ಳಗಾಗಿ ಒಳಮೈ ಹಾಗೇ ಉಳಿದು ಪಟ್ಟೆ ಪಟ್ಟೆ ಕಾಣುತ್ತದೆ. ಮುರಕಲ್ಲಿನ ಕೆಂಪು, ಭತ್ತದ ಸಸಿಯ ಹಸಿರು, ಮಳೆಗಾಲದ ಕಡಲಿನ ಬೂದು, ಒಣ ಹುಲ್ಲಿನ ಹಳದಿ, ಇವು ನಮ್ಮ ಬೆಳಕಿಗೆ ಒಗ್ಗಿದ ಬಣ್ಣಗಳು. ಹೊರಗೆ ಕಾಣುವ ಬಣ್ಣವೇ ಒಳಗೂ ಇದ್ದರೆ ಕೋಣೆ ದೊಡ್ಡದೆನಿಸುತ್ತದೆ.

ಮೇ ತಿಂಗಳ ಕೊನೆಗೆ ನಮ್ಮ ಮನೆಯಲ್ಲಿ ಪರದೆಗಳು ಇಳಿಯುತ್ತವೆ. ದಪ್ಪದವನ್ನು ಒಗೆದು, ಕಟಕಟ ಒಣಗಿಸಿ, ಪೆಟ್ಟಿಗೆಗೆ ಹಾಕಿ, ಪಡುವಣ ಕಿಟಕಿಗಳಿಗೆ ತೆಳು ಪರದೆ ಏರಿಸುತ್ತೇನೆ. ಮತ್ತೆ ದಪ್ಪ ಪರದೆ ಹೊರಬರುವುದು ನವರಾತ್ರಿಯ ಹೊತ್ತಿಗೆ. ವರ್ಷಕ್ಕೆರಡು ಸಲ ಮನೆಯ ಮುಖ ಬದಲಾಗುವ ಆ ದಿನಗಳು ನನಗೆ ಹಬ್ಬವೇ. ಬೆಂಗಳೂರು, ಮುಂಬೈ, ಗಲ್ಫ್‌ನಲ್ಲಿದ್ದು ಊರಲ್ಲಿ ಮನೆ ಕಟ್ಟಿ ಬೀಗ ಹಾಕಿ ಹೋಗುವವರಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತೇನೆ: ಹೋಗುವ ಮುನ್ನ ಪರದೆ ಕಳಚಿಡಿ, ಮುಚ್ಚಿದ ಮನೆಯಲ್ಲಿ ನಿಂತ ಗಾಳಿ ಯಾವ ಬಟ್ಟೆಯನ್ನೂ ಉಳಿಸುವುದಿಲ್ಲ.

ಹೊಸ ಮನೆಯ ಒಕ್ಲಿಗೆ ಪರದೆ ಕೊಳ್ಳಲು ಹೊರಟವರಲ್ಲಿ ನನ್ನದೊಂದು ವಿನಂತಿ. ಒಂದೇ ದಿನದಲ್ಲಿ ಇಡೀ ಮನೆಗೆ ಕೊಯ್ಯಿಸಬೇಡಿ. ಮೆಚ್ಚಿದ ಬಟ್ಟೆಯಲ್ಲಿ ಒಂದು ಮೀಟರ್ ಮಾತ್ರ ತನ್ನಿ. ತೊಳೆದು ಎಷ್ಟು ಕುಗ್ಗಿತೆಂದು ಅಳೆಯಿರಿ, ಅದೇ ಕಿಟಕಿಗೆ ಕಟ್ಟಿ ಒಂದು ಹಗಲು ಒಂದು ರಾತ್ರಿ ಇರಲು ಬಿಡಿ. ಹಗಲಿನ ಕಡಲ ಗಾಳಿಗೆ ಅದು ಹೇಗೆ ಏಳುತ್ತದೆ, ರಾತ್ರಿ ದೀಪ ಹಾಕಿದಾಗ ಹೊರಗಿನಿಂದ ಒಳಗೆ ಎಷ್ಟು ಕಾಣುತ್ತದೆ, ನೀವೇ ಅಂಗಳಕ್ಕೆ ಹೋಗಿ ನಿಂತು ನೋಡಿ. ಒಪ್ಪಿಗೆಯಾದರೆ ಉಳಿದದ್ದನ್ನು ತನ್ನಿ. ಒಪ್ಪದಿದ್ದರೆ ಆ ಒಂದು ಮೀಟರಿನಲ್ಲಿ ಒಳ್ಳೆಯ ದಿಂಬಿನ ಚೀಲವಾಗುತ್ತದೆ.