ಕಡಲಾಚೆಯ ಯಕ್ಷರು

ಮಳೆ ಹಿಡಿದು ಪವಾಯಿ ಕೆರೆ ಕೋಡಿ ಹರಿಯಿತೆಂದರೆ ನಮ್ಮವರ ಮನೆಗಳಲ್ಲಿ ಯಕ್ಷಗಾನದ ಮಾತು ಮೊದಲಾಗುತ್ತದೆ. ೧೮೯೧ರಲ್ಲಿ ಮುಂಬಯಿಯ ಕುಡಿಯುವ ನೀರಿಗೆಂದು ಕಟ್ಟಿದ ಈ ಕೆರೆ ಆ ಕೆಲಸಕ್ಕೆ ಒದಗಲಿಲ್ಲ. ನಮಗೆ ಮಾತ್ರ ಮಳೆಗಾಲದ ಪಂಚಾಂಗವಾಗಿ ಒದಗಿದೆ. ಊರಿನಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ತೆಂಕುತಿಟ್ಟಿನ ಕಲಾವಿದರು, ಮತ್ತೆ ಮೇಳ ಹೊರಡುವ ತನಕದ ಬಿಡುವಿನಲ್ಲಿ ತಂಡ ಕಟ್ಟಿಕೊಂಡು ಈ ನಗರಕ್ಕೆ ಬರುವುದು ಹಳೆಯ ವಾಡಿಕೆ.

ಸಾಕಿನಾಕಾದ ದಾರಿಯಾಗಿ ಕುರ್ಲಾದ ಬಂಟರ ಸಂಘದ ಸಭಾಗೃಹಕ್ಕೋ ಮತ್ತೊಂದು ಕಡೆಗೋ ಆಟ ನೋಡಲು ಹೊರಟಾಗ, ನಾವು ತುಸು ಮುಂಚಿತವಾಗಿಯೇ ಹೋಗಿ ಮಕ್ಕಳಿಗೆ ಚೌಕಿಯನ್ನು ತೋರಿಸುತ್ತೇವೆ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳುಮುಳ್ಳಾಗಿ ಚುಟ್ಟಿ ಇಡುತ್ತ ಗಂಟೆಗಟ್ಟಲೆ ಕುಳಿತಿರುತ್ತಾರೆ. ನೋಡನೋಡುತ್ತಿದ್ದಂತೆ ಮನುಷ್ಯನ ಮುಖ ಮರೆಯಾಗಿ ರಾವಣನ ಮುಖ ಮೂಡುತ್ತದೆ.

ಈ ರಾವಣನಿಗೆ ಕಡಲಾಚೆಯೂ ಬಂಧುಗಳಿದ್ದಾರೆ. ಕಾಂಬೋಡಿಯದ ಖ್ಮೇರ್ ಜನರ ಅರಮನೆಯ ನೃತ್ಯದಲ್ಲಿ ಪಾತ್ರಗಳು ನಾಲ್ಕು ಬಗೆ: ಸ್ತ್ರೀ, ಪುರುಷ, ರಾಕ್ಷಸ, ಕಪಿ. ರಾಕ್ಷಸನಿಗೆ ಅಲ್ಲಿ 'ಯೇಕ್' ಎನ್ನುತ್ತಾರೆ. ಅದು ನಮ್ಮ 'ಯಕ್ಷ' ಶಬ್ದವೇ. ಅವರ ರಾಮಾಯಣದ ಹೆಸರು 'ರಾಮಕೀರ್ತಿ', ಅವರ ಉಚ್ಚಾರದಲ್ಲಿ 'ರಿಯಾಮ್‌ಕೇರ್'. ಕುಂಬಳೆಯ ಪಾರ್ತಿಸುಬ್ಬನ ಸೇತುಬಂಧನವನ್ನು ನಾವು ಬಲ್ಲೆವಷ್ಟೆ? ಖ್ಮೇರರ ಸೇತುವೆಯ ಕಥೆಯಲ್ಲಿ ಮೀನುಗಳು ಬಂದು ಕಲ್ಲುಗಳನ್ನು ಕದ್ದೊಯ್ಯುತ್ತವೆ. ಅವುಗಳ ನಾಯಕಿ ರಾವಣನ ಮಗಳು, ಸುವರ್ಣಮತ್ಸ್ಯೆ. ಅವಳನ್ನು ಹಿಡಿಯಹೋದ ಹನುಮಂತ ಅವಳಿಗೇ ಮನಸೋಲುತ್ತಾನೆ! ನಮ್ಮ ಅಜ್ಜಿಯಂದಿರು ಕೇಳಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಹಿಂದೆ ನಮ್ಮಲ್ಲಿ ಗಂಡಸರೇ ಸೀತೆಯಾಗುತ್ತಿದ್ದರು; ಅಲ್ಲಿನ ಅರಮನೆಯಲ್ಲಿ ಹೆಂಗಸರೇ ರಾಮ ರಾವಣರಾಗುತ್ತಿದ್ದರು. ಅಲ್ಲಿ ಹಿನ್ನೆಲೆಯವರು ಹಾಡುತ್ತಾರೆ, ನರ್ತಕಿ ಬಾಯಿ ತೆರೆಯುವುದಿಲ್ಲ. ಬಾಗಿದ ಬೆರಳುಗಳೇ ಅವಳ ಮಾತು. ನಮ್ಮ ವೇಷಧಾರಿಯಾದರೋ ಭಾಗವತರ ಪದಕ್ಕೆ ಕುಣಿದು, ಬಳಿಕ ನಿಂತಲ್ಲೇ ಮಾತು ಕಟ್ಟಿ ಅರ್ಥ ಹೇಳುತ್ತಾನೆ.

ಹನ್ನೆರಡನೆಯ ಶತಮಾನದಲ್ಲಿ ಎರಡನೆಯ ಸೂರ್ಯವರ್ಮ ವಿಷ್ಣುವಿಗಾಗಿ ಕಟ್ಟಿಸಿದ ಅಂಗ್‌ಕೋರ್ ವಾಟ್ ದೇಗುಲದ ಗೋಡೆಗಳಲ್ಲಿ ಸಮುದ್ರಮಥನ, ಲಂಕೆಯ ಯುದ್ಧ, ಅಪ್ಸರೆಯರ ಸಾಲು ಇಂದಿಗೂ ಇವೆ. ಆದರೆ ಕಲ್ಲು ಉಳಿದ ಮಾತ್ರಕ್ಕೆ ಕುಣಿತ ಉಳಿಯದು. ೧೯೭೫ರಿಂದ ೧೯೭೯ರವರೆಗಿನ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಆ ನಾಡಿನ ನರ್ತಕಿಯರೂ ಗುರುಗಳೂ ಬಹುಪಾಲು ಅಸುನೀಗಿದರು. ಬದುಕುಳಿದ ಕೆಲವರು ನಿರಾಶ್ರಿತರ ಶಿಬಿರಗಳಲ್ಲಿಯೂ ನೆನಪಿನಿಂದಲೇ ಮಕ್ಕಳ ಬೆರಳು ಬಾಗಿಸಿ ಕಲಿಸಿದರು. ಆ ನೃತ್ಯ ೨೦೦೮ರಲ್ಲಿ ಯುನೆಸ್ಕೋದ ಪರಂಪರೆಯ ಪಟ್ಟಿಗೆ ಸೇರಿತು.

ನಮಗೆ ಅಂಥ ವಿಪತ್ತು ಬಂದಿಲ್ಲ. ನಮ್ಮ ನಷ್ಟ ಸದ್ದಿಲ್ಲದೆ ಆಗುವಂಥದು. ಪವಾಯಿಯ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷು, ಆಟದ ಬಯಲಿನಲ್ಲಿ ಹಿಂದಿ, ಮರಾಠಿ. ಮನೆಯಲ್ಲಿ ತುಳುವೋ ಕನ್ನಡವೋ, ಅದೂ ಅರ್ಧಂಬರ್ಧ. ಯಕ್ಷಗಾನದ ಅರ್ಥದಲ್ಲಿ ಇಂಗ್ಲಿಷ್ ಪದ ನುಸುಳಬಾರದೆಂಬುದು ಕಟ್ಟಳೆ. ಗಂಟೆಗಟ್ಟಲೆ ಕಲಬೆರಕೆಯಿಲ್ಲದ ಕನ್ನಡ ಕಿವಿಗೆ ಬೀಳುವ ಜಾಗ ಈ ನಗರದಲ್ಲಿ ಇನ್ನೆಷ್ಟಿವೆ?

ಚೆಂಡೆ, ಕುಣಿತ ಮಕ್ಕಳಿಗೆ ತಾವಾಗಿಯೇ ಹಿಡಿಸುತ್ತವೆ. ಮಾತು ಹಿಡಿಸಬೇಕಾದರೆ ನಾವು ದುಡಿಯಬೇಕು. ಆಟಕ್ಕೆ ಹೋಗುವ ಮೊದಲು ಪ್ರಸಂಗದ ಕಥೆಯನ್ನು ಮನೆಯಲ್ಲಿ ಹೇಳೋಣ. ಹಿಂದಿರುಗುವಾಗ ಬಸ್ಸಿನಲ್ಲಿ, ರಾವಣ ಏನೆಂದ, ಅಂಗದ ಏನೆಂದ ಎಂದು ಕೇಳೋಣ. ಮಗು ಅದನ್ನು ಕನ್ನಡದಲ್ಲಿ ಹೇಳಿತೆಂದರೆ ಹೋಗಿಬಂದ ಶ್ರಮ ಸಾರ್ಥಕ.